ಅಟ್ಟದ ಕಾಯಿಯೂ ಹತ್ತು ಕ್ಯಾಪ್ಸೂಲೂ

ದೆವ್ವ, ಶಕುನ, ಹಲ್ಲಿ ನುಡಿಯುವುದು ಇವೆಲ್ಲ ಬರೀ ಬೊಗಳೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ಸಂಬಳ ತಿಂದವನು ನಾನು. ಅಂಥವನು ಇದನ್ನು ಬರೆಯಲು ನಾಚಬೇಕು, ನಿಜ. ಆದರೆ ನನ್ನ ನಾಚಿಕೆಗೆ ಬೇರೆಯೇ ಕಾರಣವಿದೆ.

ಹಂದಿಜ್ವರ ಬಂದ ವರ್ಷ. ಅದಕ್ಕೆ ಒಸೆಲ್ಟಾಮಿವಿರ್ ಎಂಬ ಮಾತ್ರೆ ಬಂದಿತ್ತು. ಹೆಸರು ಉಚ್ಚರಿಸುವಷ್ಟರಲ್ಲೇ ಜ್ವರ ಬಿಡಬೇಕು, ಅಂಥದು. ಅಂಗಡಿಯಲ್ಲಿ ಸಿಗದು, ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯವರಿಗೆ ಮಾತ್ರ. ನನಗೆ ಒಂದು ಸೀನೂ ಬಂದಿರಲಿಲ್ಲ. ಆದರೂ ಬಲ್ಲವರೊಬ್ಬರ ಬೆನ್ನುಬಿದ್ದು ಹತ್ತು ಕ್ಯಾಪ್ಸೂಲಿನ ಪಟ್ಟಿಯೊಂದನ್ನು ಸಂಪಾದಿಸಿದೆ. ದೇಶಕ್ಕೆ ನನ್ನ ಅಗತ್ಯ ಇನ್ನೂ ಇದೆಯೆಂಬುದು ನನ್ನ ಘನವಾದ ಅಭಿಪ್ರಾಯವಾಗಿತ್ತು. ಅದನ್ನು ಅಟ್ಟದ ಮೇಲೆ, ಕೊಬ್ಬರಿಗೆಂದು ಹಾಕಿದ್ದ ಕಾಯಿರಾಶಿಯ ಹಿಂದೆ ಬಚ್ಚಿಟ್ಟೆ.

ನಮ್ಮ ಕಡೆ ಕಾಯಿ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕೂರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟ ಮೇಲಷ್ಟೇ ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ನನ್ನವು ಅಟ್ಟ ಏರಿ ಎರಡು ತಿಂಗಳೂ ಆಗಿರಲಿಲ್ಲ.

ಒಂದು ಮಧ್ಯಾಹ್ನ, ಕಾಯಿ ಸುಲಿಯುವ ಪುಟ್ಟಸ್ವಾಮಿ ಓಡಿಬಂದ. ಅವನ ಹೆಂಡತಿ ಗಂಗಮ್ಮ ಏಳು ತಿಂಗಳ ಬಸುರಿ. ಹಿಂದಿನ ದಿನದಿಂದ ಜ್ವರ, ಏದುಸಿರು. ತುರುವೇಕೆರೆ ಆಸ್ಪತ್ರೆಗೆ ಸೇರಿಸಿದ್ದ. ಮಾತ್ರೆ ಇವತ್ತೇ ಶುರುವಾಗಬೇಕೆಂದು ಡಾಕ್ಟರು ಹೇಳಿದ್ದರು. ಇದ್ದದ್ದು ಮುಗಿದಿತ್ತು, ಹೊಸದು ಬರುವುದು ನಾಳಿದ್ದು.

"ನಿಮ್ಮತ್ರ ಐತಂತಲ್ಲ ಮೇಷ್ಟ್ರೇ?"

"ಯಾರಪ್ಪಾ ಹೇಳಿದ್ದು? ನನ್ನತ್ರ ಎಲ್ಲಿಂದ ಬರ್ಬೇಕು?"

ಅಟ್ಟದಲ್ಲಿ ಒಂದು ಕಾಯಿ ಗಲಗಲ ಅಂದಿತು.

ಪುಟ್ಟಸ್ವಾಮಿ ತಲೆಯೆತ್ತಿದ. ಕಾಯಿಯ ಸದ್ದಿನಲ್ಲೇ ಬದುಕಿದ ಕಿವಿ ಅವನದು. "ಕೊಬ್ಬರಿ ಆಗೈತಲ್ಲ!"

"ಮೊನ್ನೆ ಹಾಕ್ಸಿದ್ದು ಕಣೋ. ಇಲಿ ಇರ್ಬೇಕು ಬುಡು."

"ಇಲಿ ಕಾಯಿ ಉರುಳುಸ್ತದೆ ಬುಡಿ. ಒಳಗಿನ ನೀರೂ ಕುಡುದು ಹೋಗ್ತದಾ?"

"ಮಾತ್ರೆ ಇಲ್ಲ ಕಣಪ್ಪ, ದೇವ್ರಾಣೆಗೂ ಇಲ್ಲ" ಎಂದೆ, ದೇವರನ್ನು ನಂಬದ ನಾನು.

ಈ ಸಲ ರಾಶಿಗೆ ರಾಶಿಯೇ ಗಲಗುಟ್ಟಿತು. ಮಳೆ ನಿಂತಂತೆ ತಟ್ಟನೆ ನಿಂತಿತು.

ಏಣಿ ಇಟ್ಟು ಅಟ್ಟ ಹತ್ತಿದೆ. ಕಾಯಿಗಳು ಇಟ್ಟ ಜಾಗದಲ್ಲೇ ಇದ್ದವು. ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಎಲ್ಲದರಲ್ಲೂ ನೀರು ಕುಲುಕುವ ಸದ್ದು. ಪಟ್ಟಿ ಹಿಡಿದು ಇಳಿದುಬಂದು, "ಮರ್ತೇಬುಟ್ಟಿದ್ದೆ ನೋಡು" ಎಂದೆ. ಅಷ್ಟಾದ ಮೇಲೂ ಸುಳ್ಳು!

"ಮೊದ್ಲು ಇತ್ತ ಕೊಡಿ, ಡಾಕ್ಟ್ರಿಗೆ ತೋರುಸ್ಬೇಕು" ಎಂದು ಕಸಿದುಕೊಂಡು ಅವನು ಓಡಿದ.

ಗಂಗಮ್ಮ ಉಳಿದಳು. ಹೆಣ್ಣುಮಗುವಾಯಿತು. ಎದುರಾದಾಗಲೆಲ್ಲ ಅದರ ತಲೆ ಬಗ್ಗಿಸಿ, "ತಾತಂಗೆ ನಮಸ್ಕಾರ ಮಾಡು, ನಿನ್ನ ಉಳ್ಸಿದ ಪುಣ್ಯಾತ್ಮರು ಕಣೇ" ಅನ್ನುತ್ತಾಳೆ. ಪಕ್ಕದಲ್ಲಿರುವ ಪುಟ್ಟಸ್ವಾಮಿ ನೆಲ ನೋಡುತ್ತಾನೆ. ಹೆಂಡತಿಗೆ ಅವನು ಏನೂ ಹೇಳಿಲ್ಲವೆಂದು ಕಾಣುತ್ತದೆ.

ನೀರು ತುಂಬಿದ ಕಾಯಿ ಹೇಗೆ ಸದ್ದು ಮಾಡಿತೋ ಇಂದಿಗೂ ನನಗೆ ಗೊತ್ತಿಲ್ಲ. ಮಾಡದೇ ಇದ್ದಿದ್ದರೆ ನಾನು ಏಣಿ ಹತ್ತುತ್ತಿದ್ದೆನೇ? ಗಂಗಮ್ಮ ಈ ಪ್ರಶ್ನೆ ಕೇಳಿಲ್ಲ. ಕೇಳಿಯಾಳೆಂದು ಅವಳ ಬೀದಿ ಬಿಟ್ಟು ಸುತ್ತುಬಳಸಿ ಮನೆಗೆ ಬರುತ್ತೇನೆ.