ಸುರುಳಿ ಬಿಡದ ಫೋರ್ಸೆಪ್ಸ್

“ಕುರಿ ಕಾಯೋರ ಮನಿಯಾಗ ಇಂಜಿನಿಯರ್ ಹುಟ್ಟಿದ್ರ ನನ್ನ ಆಟೋ ಆಕಾಶದಾಗ ಹಾರತೈತಿ” ಎಂದವನು ನಮ್ಮ ಸೋದರಮಾವ ಈರಣ್ಣ. ಆಂಧ್ರದ ಗಡಿಯಲ್ಲಿರುವ ನಮ್ಮ ಹಾಲಹರವಿಯಿಂದ ಆಲೂರಿಗೆ ಶೇರ್ ಆಟೋ ಓಡಿಸುತ್ತಾನೆ. ಹತ್ತಿದವರಿಗೆಲ್ಲ ಇದೇ ಮಾತು. ನಾನು ಬಿ.ಟೆಕ್ ಮುಗಿಸಿದಾಗ “ಅದು ಬರೇ ಅರ್ಧ” ಎಂದ. ಎಂ.ಟೆಕ್ ಸೇರಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ನನ್ನ ಕೊನೆಯ ವರ್ಷದ ಪ್ರಾಜೆಕ್ಟು ಎಂಡೋಸ್ಕೋಪಿಗೆ ಸೇರಿದ್ದು. ಬಾಯಿಂದ ಹೊಟ್ಟೆಗೆ ಇಳಿಸುವ ಕ್ಯಾಮೆರಾ ಕೊಳವೆಯೊಳಗೆ ಇನ್ನೊಂದು ಕಿರಿದಾದ ದಾರಿ ಇರುತ್ತದೆ. ಅದರಲ್ಲಿ ತಂತಿಯಂತೆ ತೆಳ್ಳಗಿನ, ಬಾಗುವ ಫೋರ್ಸೆಪ್ಸ್ ತೂರಿಸಿ ವೈದ್ಯರು ಪರೀಕ್ಷೆಗೆಂದು ಒಳಗಿನ ಚೂರೊಂದನ್ನು ಕಿತ್ತು ತೆಗೆಯುತ್ತಾರೆ. ಹಿಡಿ ಹೊರಗೆ, ಮೂತಿ ಒಳಗೆ. ಹಿಡಿ ತಿರುಗಿಸಿದರೆ ಮೂತಿ ಏನು ಮಾಡುತ್ತದೆ ಎಂಬುದನ್ನು ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸಬೇಕಿತ್ತು. ಹೊಸ ವೈದ್ಯರು ರೋಗಿಯನ್ನು ಮುಟ್ಟುವ ಮೊದಲು ಪರದೆಯ ಮೇಲೆ ಕೈ ಪಳಗಿಸಿಕೊಳ್ಳಲಿ ಎಂದು. ಫೋರ್ಸೆಪ್ಸನ್ನು ನಾನು ಸಣ್ಣ ಕಡ್ಡಿಗಳ ಸರಪಳಿಯಂತೆ, ನಡುನಡುವೆ ಸ್ಪ್ರಿಂಗ್ ಇಟ್ಟು ಮಾಡೆಲ್ ಮಾಡಿದ್ದೆ.

ಆದೋನಿಯ ಆಸ್ಪತ್ರೆಯೊಂದರ ಡಾಕ್ಟರ್ ಪದ್ಮಜಾ ಅದನ್ನು ಪರೀಕ್ಷಿಸುವವರು. ಅವರು ಒಪ್ಪದಿದ್ದರೆ ಪ್ರಾಜೆಕ್ಟೂ ಇಲ್ಲ, ನನ್ನ ಡಿಗ್ರಿಯೂ ಇಲ್ಲ. ಕಂಪ್ಯೂಟರಿಗೆ ಜೋಡಿಸಿದ್ದ ಹಿಡಿಯನ್ನು ತಿರುಗಿಸಿ ನೋಡಿ ನಕ್ಕುಬಿಟ್ಟರು.

“ಏಮ್ಮಾ, ನಿನ್ನ ಫೋರ್ಸೆಪ್ಸ್ ಬಾಳ ಒಳ್ಳೇದೈತಿ, ಹೇಳಿದ ಮಾತು ಕೇಳತೈತಿ! ನನ್ನ ಕೈಯಾಗಿಂದು ಹಂಗಲ್ಲ. ತಿರುವಿದ್ರ ಸುಮ್ನಿರತೈತಿ, ಆಮ್ಯಾಲ ಗಪ್ಪನ ಜಿಗೀತೈತಿ. ಇದರ ಮ್ಯಾಲ ಕಲ್ತ ಹುಡುಗರು ಮಂದಿ ಹೊಟ್ಟಿ ಹರೀತಾರ.”

ಘರ್ಷಣೆ ಕಡಿಮೆಯಾಗಿರಬೇಕು ಎಂದರು ನಮ್ಮ ಗೈಡ್. ಹೆಚ್ಚಿಸಿದೆವು. ಮೂತಿ ತಡವಾಗಿ ತಿರುಗಿತೇ ಹೊರತು ಜಿಗಿಯಲಿಲ್ಲ. ಇನ್ನೊಂದು ಸಲ ನೋಡುತ್ತೇನೆ, ಅಷ್ಟೇ ಎಂದು ಡಾಕ್ಟರು ಹೇಳಿಕಳಿಸಿದರು.

ಆ ಮಾಡೆಲನ್ನು ಅವರ ಉಪಕರಣದೊಂದಿಗೆ ಹೋಲಿಸಿ ನೋಡಲು ಆದೋನಿಗೆ ಹೋದೆವು. ನರ್ಸ್ ಹೊಸ ಪ್ಯಾಕೆಟ್ ಹರಿದು ಫೋರ್ಸೆಪ್ಸನ್ನು ನನ್ನ ಕೈಗೆ ಕೊಟ್ಟರು. ಅದು ಚಿಮ್ಮಿ ಮಣಿಕಟ್ಟಿಗೆ ಸುತ್ತಿಕೊಂಡಿತು. ಬಿಡಿಸಿ ಎಳೆದು ಬಿಟ್ಟೆ; ಮತ್ತೆ ಸುತ್ತಿಕೊಂಡಿತು. ನಮ್ಮ ಲ್ಯಾಬಿನಲ್ಲಿ ಟೆಕ್ನಿಷಿಯನ್ ಅದನ್ನು ಮೊದಲೇ ಕೊಕ್ಕೆಗೆ ಹಾಕಿ, ತುದಿಗೆ ತೂಕ ಕಟ್ಟಿ ಇಟ್ಟಿರುತ್ತಿದ್ದರು. ನಾವು ಕಂಡದ್ದೆಲ್ಲ ನೆಟ್ಟಗಿನದ್ದೇ.

ರಜೆಯಲ್ಲಿ ಅವ್ವನ ಜೊತೆ ಮೆಣಸಿನಕಾಯಿ ಹೊಲಗಳಿಗೆ ಡ್ರಿಪ್ ಪೈಪ್ ಎಳೆಯಲು ಕೂಲಿಗೆ ಹೋದವಳು ನಾನು. ಸುತ್ತಿದ ಪೈಪನ್ನು ಬಿಚ್ಚಿ, ಎರಡೂ ತುದಿಗೆ ಗೂಟ ಬಡಿದು ಬಿಸಿಲಿಗೆ ಬಿಡುತ್ತಿದ್ದೆವು. ಹಾಗೆ ಬಿಡದಿದ್ದರೆ ಎಷ್ಟೇ ಎಳೆದು ಕಟ್ಟಿದರೂ ಅದು ಹಳೆಯ ಸುರುಳಿಯ ಕಡೆಗೇ ಹೊರಳುತ್ತದೆ; ಮೇಲಿರಬೇಕಾದ ನೀರಿನ ತೂತು ಪಕ್ಕಕ್ಕೆ ತಿರುಗುತ್ತದೆ. ಇಷ್ಟು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಮಾತ್ರ ‘ನೆಟ್ಟಗೆ’ ಎಂದು ಕೊಟ್ಟಿದ್ದೆ.

“ಸರ್, ಇದು ಮೂಲದಾಗ ನೆಟ್ಟಗಿಲ್ರಿ” ಎಂದೆ.

“ಕೊಳವೆಯೊಳಗೆ ಹೋದ ಮೇಲೆ ನೆಟ್ಟಗಾಗುತ್ತಲ್ಲಮ್ಮ?” ಎಂದರು ಗೈಡ್.

“ಆಗಂಗಿಲ್ಲ ಸರ್. ಆದಂಗ ಇರತೈತಿ. ಕೊಳವಿ ಬಾಗಿದ ಕಡೀಗೇ ತನ್ನ ಸುರುಳಿ ಇಟ್ಕೊಂಡು ಕುಂದರತೈತಿ; ತಿರುವಿದ್ದೆಲ್ಲ ಒಳಗ ಕೂಡಿ, ಕಡೀಗೆ ಒಮ್ಮೆಲೇ ಹೊರಳತೈತಿ.”

ಅಲ್ಲೇ ಲ್ಯಾಪ್‌ಟಾಪ್ ತೆರೆದು, ಸರಪಳಿಯ ಪ್ರತಿ ಸ್ಪ್ರಿಂಗಿಗೂ ಹುಟ್ಟಿನಿಂದಲೇ ಒಂದು ಸಣ್ಣ ಬಾಗು ಕೊಟ್ಟೆ. ಡಾಕ್ಟರು ಹಿಡಿ ತಿರುಗಿಸಿದರು. ಪರದೆಯ ಮೇಲಿನ ಮೂತಿ ಕದಲಲಿಲ್ಲ. ಇನ್ನಷ್ಟು ತಿರುಗಿಸಿದರು. ಥಟ್ಟನೆ ಜಿಗಿಯಿತು.

“ಇಗೋ! ಈಗ ಕಾಟ ಕೊಡಾಕ ಹತ್ತೈತಿ ನೋಡು!” ಎಂದು ತಮ್ಮ ಕಿರಿಯ ವೈದ್ಯರನ್ನು ಕೂಗಿ ಕರೆದರು. ನಮ್ಮ ಪರೀಕ್ಷೆ ಮುಗಿದಿತ್ತು.

ಈಗ ಇಂಥ ಮಾಡೆಲ್ ಮಾಡುವುದೇ ನನ್ನ ಉದ್ಯೋಗ. ಯಾವ ಉಪಕರಣ ಬಂದರೂ, ಯಾರೂ ಹಿಡಿಯದೆ ಬಿಟ್ಟಾಗ ಅದು ಹೇಗಿರುತ್ತದೆ ಎಂದು ಮೊದಲು ಮೇಜಿನ ಮೇಲೆ ಬಿಟ್ಟು ನೋಡುತ್ತೇನೆ. ಲೆಕ್ಕ ಆಮೇಲೆ.

ಆ ವರ್ಷದ ಘಟಿಕೋತ್ಸವಕ್ಕೆ ಅವ್ವ ಬಂದಿದ್ದಳು. ವೇದಿಕೆಯಿಂದ ಇಳಿದವಳೇ ಸರ್ಟಿಫಿಕೇಟನ್ನು ಅವಳ ಕೈಗಿಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಮುಖ ನೋಡಿದಳು.

“ಹೊಸ ಡಾಕ್ಟರು ನೀ ಮಾಡಿದ್ರ ಮ್ಯಾಲ ಕಲ್ತು, ಆಮ್ಯಾಲ ಮಂದಿ ಹೊಟ್ಟಿಗೆ ಕೈ ಹಾಕ್ತಾರಂತಲ್ಲ, ಖರೇನಾ?”

“ಹೂಂ ಅವ್ವಾ.”

“ಹಂಗಾದ್ರ ನಿನ್ನ ಓದಿಸಿದ್ದು ದಂಡ ಆಗ್ಲಿಲ್ಲ ಬಿಡು.”