ಕಾಶೀಬಾಯಿಯ ನೂಲಿನ ವ್ಯಾಕರಣ

ನಾರಾಯಣಪೇಟೆಯಲ್ಲಿ ವ್ಯಾಕರಣ ಬಲ್ಲವರು ಯಾರು ಎಂದು ನಿಜಾಮರ ಕಾಲದಲ್ಲಿ ಯಾರಾದರೂ ಕೇಳಿದ್ದರೆ, ಊರಿನವರು ಕಣ್ಣು ಮುಚ್ಚಿಕೊಂಡು ಜಯತೀರ್ಥ ಮಾಸ್ತರರ ಮನೆಯ ಕಡೆ ಕೈ ತೋರಿಸುತ್ತಿದ್ದರು. ಮನೆ ಸರಿಯಾದದ್ದೇ, ಬಾಗಿಲು ಮಾತ್ರ ತಪ್ಪು. ಮುಂದಿನ ಪಡಸಾಲೆಯಲ್ಲಿ ಕರಿ ಶೇರವಾನಿ ತೊಟ್ಟ ಮಾಸ್ತರರು ಕೂತಿರುತ್ತಿದ್ದರು. ಸರ್ಕಾರಿ ಶಾಲೆಯಲ್ಲಿ ಉರ್ದು ಕಲಿಸುವವರು, ಫಾರಸಿ ಪದ್ಯಗಳ ಬೈತುಗಳನ್ನು ಬಾಯಿಪಾಠ ಒಪ್ಪಿಸುವವರು. ಆದರೆ ಊರಿಗೆ ಬೇಕಾದ ವ್ಯಾಕರಣ ಇದ್ದದ್ದು ಹಿತ್ತಲ ಕಟ್ಟೆಯ ಮೇಲೆ, ಅವರ ಹೆಂಡತಿ ಕಾಶೀಬಾಯಿಯ ಮಡಿಲಲ್ಲಿ. ಅದೂ ಪುಸ್ತಕವಲ್ಲ, ಒಂದು ಬುಟ್ಟಿ ನೂಲಿನ ತುಂಡು.

ಕಾಶೀಬಾಯಿ ಉಂಡವಳ್ಳಿಯ ಹುಡುಗಿ. ಅವಳ ತವರಿನಲ್ಲಿ ಪೂಜೆ, ಊಟ, ಜಗಳ ಎಲ್ಲವೂ ತೆಲುಗಿನಲ್ಲೇ. ಹನ್ನೊಂದನೆಯ ವರ್ಷಕ್ಕೆ ಮದುವೆಯಾಗಿ ಕನ್ನಡ ಮಾತಾಡುವ ಈ ಮನೆಗೆ ಬಂದಳು. ಬಂದ ನಾಲ್ಕನೆಯ ದಿನ ಬಾವಿಯ ಹತ್ತಿರ ನೆರೆಯವರು ಏನೋ ಕೇಳಿದಾಗ, ಅತ್ತೆ ಬರುತ್ತಿರುವುದನ್ನು ಕಂಡು "ಅತ್ತಿ ಬಂತು" ಅಂದುಬಿಟ್ಟಳು. ತಪ್ಪು ಅವಳದಲ್ಲ. ಅವಳ ತೆಲುಗಿನಲ್ಲಿ ಅತ್ತೆ ಬಂದರೂ 'ವಚ್ಚಿಂದಿ', ಆಕಳು ಬಂದರೂ 'ವಚ್ಚಿಂದಿ'. ಕನ್ನಡದವರು ಹೆಂಗಸಿಗೆ ಬೇರೆ, ದನಕ್ಕೆ ಬೇರೆ ಇಟ್ಟುಕೊಂಡಿದ್ದಾರೆ ಎಂದು ಆ ಕೂಸಿಗೆ ಯಾರು ಹೇಳಬೇಕು?

"ಬಂತು ಅನ್ನಾಕ ನಾನೇನು ಎಮ್ಮಿಯೇನ?" ಅಂದರು ಅತ್ತೆ. ಬಾವಿಕಟ್ಟೆಯೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಆಗಿನ್ನೂ ಹದಿನೇಳರ ಗಂಡ ಜಯತೀರ್ಥ. ಅವನು ಅಷ್ಟಕ್ಕೇ ಬಿಡಲಿಲ್ಲ, ಅವಳಿಗೆ 'ಬಂತು' ಎಂದೇ ಹೆಸರಿಟ್ಟ. "ಬಂತು, ನೀರು ತಾ" ಅನ್ನುವುದು, ಗೆಳೆಯರ ಮುಂದೆ ಹೇಳಿ ಹಲ್ಲು ಕಿಸಿಯುವುದು. ಇಡೀ ಒಂದು ವರ್ಷ ಈ ಮಶ್ಕಿರಿ ನಡೆಯಿತು. ಮದುವೆಯಾದ ಹೊಸತರಲ್ಲಿ ಗಂಡಸರು ಎಷ್ಟು ದಡ್ಡರಾಗಿರುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ಒಂದು ವರ್ಷ ಕಾಶೀಬಾಯಿ ಬಾಯಿ ಬಿಡಲಿಲ್ಲ. ಆದರೆ ಕಿವಿ ಮಾತ್ರ ತೆರೆದೇ ಇತ್ತು. ಅತ್ತೆಯ ಕನ್ನಡ, ನೇಕಾರ ಓಣಿಯ ತೆಲುಗು, ಪಡಸಾಲೆಯಲ್ಲಿ ಗಂಡ ಒದರುವ ಉರ್ದು ಪಾಠ, ಮೂರನ್ನೂ ಕೇಳಿಸಿಕೊಂಡಳು. ಮಾತು ಎಲ್ಲಿ ಕೂಡುತ್ತದೆ, ಎಲ್ಲಿ ಬಿಡುತ್ತದೆ ಎಂದು ಮನಸ್ಸಿನಲ್ಲೇ ಬಿಚ್ಚಿ ನೋಡಿದಳು. ಹುಟ್ಟಿನಿಂದ ಒಂದೇ ಭಾಷೆ ಆಡಿದವರಿಗೆ ಈ ಕಸುಬು ಬೇಕಾಗುವುದಿಲ್ಲ. ವರ್ಷ ಕಳೆದು ಬಾಯಿ ತೆರೆದಾಗ ಅವಳ ಕನ್ನಡದಲ್ಲಿ ಅತ್ತೆಗೂ ತಪ್ಪು ಹುಡುಕಲು ಆಗಲಿಲ್ಲ.

ನಾರಾಯಣಪೇಟೆಗೆ ಸೊಸೆಯರು ಬರುತ್ತಲೇ ಇರುತ್ತಾರೆ. ಗದ್ವಾಲದಿಂದ ತೆಲುಗಿನವರು ಕನ್ನಡದ ಮನೆಗೆ, ರಾಯಚೂರಿನ ಕಡೆಯಿಂದ ಕನ್ನಡದವರು ತೆಲುಗಿನ ಮನೆಗೆ. ಬಾವಿಯ ಹತ್ತಿರ ಯಾವಳಾದರೂ ಹೊಸಬಳು ನಗೆಪಾಟಲಾಗುವುದು ಕಂಡರೆ ಸಾಕು, ಕಾಶೀಬಾಯಿ ಅವಳ ರಟ್ಟೆ ಹಿಡಿದು ಹಿತ್ತಲಿಗೆ ಕರೆತರುತ್ತಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ದೀಪ ಹಚ್ಚುವವರೆಗೆ ಪಾಠ. ಬರುವವಳು ನೇಕಾರರವಳೋ ಅರ್ಚಕರವಳೋ, ಕೂರುವ ಮಣೆ ಒಂದೇ.

ಅಕ್ಷರ ಬಾರದ ಅವಳಿಗೆ ನೇಕಾರ ಓಣಿಯಲ್ಲಿ ಮಗ್ಗದಿಂದ ಕತ್ತರಿಸಿ ಒಗೆದ ನೂಲೇ ಪಾಟಿ, ಬಳಪ. "ಈ ಕೆಂಪು ನೂಲು ಮನಿ ಅಂತ ತಿಳಕೋ. ಈ ಬಿಳಿ ತುಂಡು 'ಗೆ' ಅನ್ನೂ ಬಾಲ. ಕನ್ನಡದಾಗ ಎರಡೂ ಗಂಟು ಹಾಕು. ಮನಿಗೆ ಆತು. ತೆಲುಗಿನಾಗ ಹಂಗ ಗಂಟು ಬೀಳಂಗಿಲ್ಲ. 'ಇಲ್ಲು' ಅನ್ನೂದನ್ನ ಮೊದಲ ಹೊಸೆದು 'ಇಂಟಿ' ಮಾಡಬೇಕು, ಆಮ್ಯಾಲ 'ಕಿ' ಗಂಟು. ಇಂಟಿಕಿ. ಉರ್ದುವಿನವರಿಗೆ ಗಂಟಿನ ಗೊಡವೇನ ಇಲ್ಲ. 'ಘರ್' ಒಂದು ಕಡೆ, 'ಕು' ಒಂದು ಕಡೆ, ಬಾಜೂಕ ಬಾಜೂ ಇಟ್ಟರ ಮುಗೀತು." ಹೀಗೆ ಕೆಂಪು ಬಿಳಿ ನೂಲುಗಳನ್ನು ಗಂಟಿಕ್ಕುತ್ತ, ಬಿಚ್ಚುತ್ತ, ಎರಡು ತಿಂಗಳಲ್ಲಿ ಆ ಹುಡುಗಿಯರು ಅತ್ತೆಯರಿಗೆ ಎದುರುತ್ತರ ಕೊಡುವಷ್ಟು ತಯಾರಾಗುತ್ತಿದ್ದರು. ಇದರ ಬಗ್ಗೆ ಕೆಲವು ಅತ್ತೆಯರ ತಕರಾರೂ ಇತ್ತು.

ಹಿತ್ತಲಿನಲ್ಲಿ ಒಂದೇ ಕಟ್ಟಳೆ: ಕಲಿಯುವವಳು ಏನು ತಪ್ಪಾಡಿದರೂ ನಗಬಾರದು. ನಕ್ಕವರು ಎದ್ದು ಹೋಗಬೇಕು. ಒಮ್ಮೆ ಅತ್ತೆಯೇ ಬಾಗಿಲ ಸಂದಿಯಿಂದ ಇಣುಕಿ ಕಿಸಕ್ಕೆಂದಾಗ, ಕಾಶೀಬಾಯಿ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. ಮೂರು ದಿನ ಮನೆಯಲ್ಲಿ ಮಾತಿಲ್ಲ. ಆದರೂ ಕಟ್ಟಳೆ ಸಡಿಲವಾಗಲಿಲ್ಲ. ಮಾಸ್ತರರು ಇದನ್ನೆಲ್ಲ ಹೆಂಗಸರ ಹರಟೆ ಎಂದು ಪಡಸಾಲೆಯಲ್ಲೇ ಉಳಿದರು. ಹಿತ್ತಲಿಗೆ ಒಂದು ದಿನವೂ ಕಾಲಿಡಲಿಲ್ಲ.

ಹೀಗೇ ವರ್ಷಗಳು ಉರುಳಿದವು. ಸಾವಿರದ ಒಂಬೈನೂರ ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಪೋಲೀಸ್ ಆ್ಯಕ್ಷನ್ ಆಗಿ, ಭಾರತದ ಸೈನ್ಯ ನಿಜಾಮರ ಆಳ್ವಿಕೆ ಮುಗಿಸಿತು. ಕೆಲವು ದಿನ ಊರಿನ ಎಲ್ಲ ಕೋಮಿನವರ ಬಾಗಿಲುಗಳೂ ಭಯದಿಂದ ಮುಚ್ಚಿದ್ದವು. ತೆರೆದ ಮೇಲೆ ಕಾಶೀಬಾಯಿಯ ಕಿವಿಗೆ ಮೊದಲು ಬಿದ್ದದ್ದು 'ಆ್ಯಕ್ಷನ್' ಎಂಬ ಹೊಸ ಶಬ್ದ. ಬಾವಿಕಟ್ಟೆಯಲ್ಲಿ ಅದಾಗಲೇ 'ಆ್ಯಕ್ಷನ್ನಿನಾಗ' ಆಗಿತ್ತು, ನೇಕಾರ ಓಣಿಯಲ್ಲಿ 'ಆ್ಯಕ್ಷನ್‌ಲೋ', ಬಜಾರಿನಲ್ಲಿ 'ಆ್ಯಕ್ಷನ್ ಮೇಂ'. "ಬಂದು ಎಂಟು ದಿನ ಆಗಿಲ್ಲ, ಮೂರೂ ಮನಿಯವ್ರು ತಮ್ಮ ತಮ್ಮ ಬಾಲ ಕಟ್ಟಿಬಿಟ್ರು ನೋಡವಾ" ಎಂದು ಅವಳು ಬೆರಗಾದಳು. ಅಷ್ಟು ದೊಡ್ಡ ಗದ್ದಲದಲ್ಲಿ ಅವಳು ಇದನ್ನು ಗಮನಿಸಿದಳು ಎಂದರೆ ಅವಳ ಹುಚ್ಚು ಎಂಥದೆಂದು ತಿಳಿಯುತ್ತದೆ.

ಮುಂದಿನ ವರ್ಷಗಳಲ್ಲಿ ಹೊಸ ಸರ್ಕಾರ ಚಿಕ್ಕ ಮಕ್ಕಳಿಗೆ ಮನೆಮಾತಿನಲ್ಲೇ ಪಾಠವಾಗಬೇಕೆಂದಿತು. ನಾರಾಯಣಪೇಟೆಗೆ ಒಂದು ಹೆಣ್ಣುಮಕ್ಕಳ ಶಾಲೆ ಮಂಜೂರಾಯಿತು. ಕನ್ನಡ, ತೆಲುಗು ಎರಡೂ ಬಲ್ಲ ಹೆಂಗಸು ಬೇಕು. ಮಹಬೂಬನಗರದಿಂದ ಬಂದ ಶಾಲಾ ತನಿಖೆಯ ಅಧಿಕಾರಿಣಿ, ಬಿಳಿ ಖಾದಿ ಸೀರೆಯ ಹೆಂಗಸು, ವಿಚಾರಿಸುತ್ತ ವಿಚಾರಿಸುತ್ತ ಹಿತ್ತಲ ಕಟ್ಟೆಗೇ ಬಂದು ಕೂತರು. ಒಂದು ತಾಸು ನೂಲಿನ ಪಾಠ ನೋಡಿದರು. ಎದ್ದವರು ಕಾಶೀಬಾಯಿಯ ಕೈ ಹಿಡಿದುಕೊಂಡರು.

"ನನಗೆ ನೀವೇ ಬೇಕು. ಆದರೆ ಓದು ಬರಹ ಬರದವರನ್ನು ಇಲಾಖೆ ಒಪ್ಪುವುದಿಲ್ಲ. ಹೆಬ್ಬೆಟ್ಟು ಒತ್ತುವ ಟೀಚರ್ ಅಂದರೆ ನಕ್ಕಾರು. ದಸರೆಗೆ ಇನ್ನು ಎರಡು ತಿಂಗಳಿದೆ. ಅಷ್ಟರಲ್ಲಿ ನನ್ನೆದುರು ಕನ್ನಡ ಬರೆದು ತೋರಿಸಿದರೆ ಶಾಲೆ ನಿಮ್ಮದು, ಇಲ್ಲದಿದ್ದರೆ ಬೇರೆ ಊರಿನಿಂದ ಯಾರನ್ನಾದರೂ ಕಳಿಸುತ್ತೇನೆ."

ಕಾಶೀಬಾಯಿಗೆ ಆಗ ನಲವತ್ತೆರಡು. ಗೋಡೆ, ಸೂರು, ಕರಿಹಲಗೆ ಇರುವ ಒಂದು ಕೋಣೆ, ಅದರ ತುಂಬ ಹುಡುಗಿಯರು. ಇಂಥದೊಂದು ತನಗೆ ಬೇಕಾಗಿತ್ತು ಎಂದು ಅವಳಿಗೇ ಅವತ್ತಿನವರೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅದು ಬಿಡಲಿಲ್ಲ. ಅನ್ನ ಬಸಿಯುವಾಗಲೂ ಅದೇ, ದೇವರ ದೀಪಕ್ಕೆ ಬತ್ತಿ ಹೊಸೆಯುವಾಗಲೂ ಅದೇ. ಕೊನೆಗೆ ಧೈರ್ಯ ಮಾಡಿ ಗಂಡನನ್ನು ಕೇಳಿದಳು.

"ನನಗ ಕನ್ನಡ ಅಕ್ಷರ ಕಲಸ್ತೀರೇನ್ರಿ?"

ಮಾಸ್ತರರು ಶೇರವಾನಿಯ ಜೇಬಿಗೆ ಕೈ ಹಾಕಿ, ಅಲ್ಲಿದ್ದ ಮಡಿಚಿದ ಕಾಗದವೊಂದನ್ನು ಇನ್ನಷ್ಟು ಒಳಕ್ಕೆ ತಳ್ಳಿದರು. ಆಮೇಲೆ ನಕ್ಕರು. "ಈ ವಯಸ್ಸಿನಾಗ? ಊರ ಮಂದಿ ಏನಂದಾರು? ಜಯತೀರ್ಥ ಮಾಸ್ತರ ಹೆಂಡ್ತಿ ನೌಕರಿಗೆ ಹೊಂಟಾಳ ಅಂತ ನನ್ನ ಮುಖದ ಮ್ಯಾಲೆ ನಗತಾರ. ಸುಮ್ಮನ ಕೂಡು."

ಅವಳು ಸುಮ್ಮನೆ ಕೂಡಲಿಲ್ಲ. ನೇಕಾರ ಓಣಿಯಲ್ಲಿ ಶಂಕರಮ್ಮ ಎಂಬ ಸೊಸೆ ಇದ್ದಳು. ರಾಯಚೂರಿನ ಕಡೆಯವಳು, ತವರಿನಲ್ಲಿ ಕನ್ನಡ ಓದು ಬರಹ ಕಲಿತವಳು. ತೆಲುಗಿನ ಮನೆಗೆ ಬಂದು ಬಾಯಿ ಸತ್ತು ಕೂತಿದ್ದಾಗ ಕಾಶೀಬಾಯಿಯೇ ಅವಳಿಗೆ ತೆಲುಗು ಕಲಿಸಿದ್ದಳು. "ಕಾಶಕ್ಕಾ, ನಾ ಅದೀನಿ ಬಿಡ್ರಿ" ಎಂದು ಅವಳು ಮರುದಿನವೇ ಬಂದಳು. ಬಳಪ ಹಿಡಿದರೆ ಕಾಶೀಬಾಯಿಯ ಬೆರಳು ನಡುಗುತ್ತಿತ್ತು, ನೂಲು ಹಿಡಿದರೆ ಇಲ್ಲ. ಹಾಗಾಗಿ ಶಂಕರಮ್ಮ ನೂಲಿನಿಂದಲೇ ನೆಲದ ಮೇಲೆ ಅಕ್ಷರ ಸುತ್ತಿ ತೋರಿಸಿದಳು. ಕನ್ನಡದ ಅಕ್ಷರಗಳೋ ದುಂಡು ದುಂಡು, ನೂಲು ಹೇಳಿದ ಹಾಗೆ ಕೇಳಿತು. ಒಂದು ತಿಂಗಳು ನೂಲು, ಒಂದು ತಿಂಗಳು ಪಾಟಿ. ಕಾಶೀಬಾಯಿ ತಲಕಟ್ಟು ಮರೆತಳು, ಒತ್ತಕ್ಷರವನ್ನು ಪಕ್ಕದಲ್ಲಿ ಬರೆದಳು, 'ಘ'ಕ್ಕೂ 'ಫ'ಕ್ಕೂ ಜಗಳ ಹಚ್ಚಿದಳು. ಶಂಕರಮ್ಮ ಒಂದು ದಿನವೂ ನಗಲಿಲ್ಲ.

ದಸರೆಗೆ ಮೂರು ದಿನ ಮುಂಚೆ ತಹಶೀಲ ಕಚೇರಿಯಲ್ಲಿ ಪರೀಕ್ಷೆ. "ನಾ ಬರಂಗಿಲ್ಲ" ಅಂದರು ಮಾಸ್ತರರು. ಕಾಶೀಬಾಯಿ ಶಂಕರಮ್ಮನೊಂದಿಗೆ ಹೋದಳು. ಅವಳನ್ನು ಹೊರಗೆ ನಿಲ್ಲಿಸಿ ಒಬ್ಬಳೇ ಒಳಗೆ ನಡೆದಳು. ಮಕ್ತಲ್ ಕಡೆಯ ಗುಮಾಸ್ತ ಅರ್ಜಿ ತುಂಬಲು ಕೂತ. ಹೆಸರು, ವಯಸ್ಸು, ಊರು ಆಯಿತು.

"ಗಂಡನ ಹೆಸರು?"

ಕಾಶೀಬಾಯಿ ತಲೆ ತಗ್ಗಿಸಿದಳು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವ ಪದ್ಧತಿ ಆ ಊರಲ್ಲಿ ಇರಲಿಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿಕೆ. ಮೂವತ್ತೊಂದು ವರ್ಷದಲ್ಲಿ ಅವಳ ತುಟಿಯ ಮೇಲೆ ಆ ಹೆಸರು ಒಮ್ಮೆಯೂ ಬಂದಿರಲಿಲ್ಲ.

"ಹೇಳಾಕ ಯಾರರ ಗಂಡಸರು ಬಂದಾರೇನವಾ? ಇಲ್ಲಾಂದ್ರ ಈ ಖಾನೆ ಖಾಲಿ ಬಿಟ್ಟು ನಾ ಹ್ಯಾಂಗ ಮುಂದ ಹೋಗ್ಲಿ?" ಅಂದ ಗುಮಾಸ್ತ.

ಅಧಿಕಾರಿಣಿ ಪಕ್ಕದಲ್ಲೇ ಕೂತಿದ್ದರು. ಕಾಶೀಬಾಯಿ ಮೇಜಿನ ಹತ್ತಿರ ಹೋಗಿ, ಅರ್ಜಿಯನ್ನು ತನ್ನ ಕಡೆ ತಿರುಗಿಸಿಕೊಂಡು, ಗುಮಾಸ್ತನ ಕೈಯಿಂದ ಲೇಖನಿ ತೆಗೆದುಕೊಂಡಳು. ಬಾಯಿಂದ ಹೇಳಬಾರದು ನಿಜ, ಆದರೆ ಕೈಯಿಂದ ಬರೆಯಬಾರದೆಂದು ಯಾವ ಹಿರಿಯರೂ ಹೇಳಿರಲಿಲ್ಲ. ಬರೆಯುತ್ತಾಳೆಂದು ಅವರಿಗೆ ಹೊಳೆದಿರಲೂ ಇಲ್ಲ. ನಿಧಾನವಾಗಿ, ನೂಲು ಸುತ್ತಿದಂತೆ, 'ಜಯತೀರ್ಥ' ಎಂದು ಬರೆದಳು. ಕೊನೆಯ ಒತ್ತಕ್ಷರವನ್ನು ಮೂರು ದಿನ ತಿದ್ದಿದ್ದಳು, ಅದೂ ಸರಿಯಾಗಿ ಕೂತಿತು. ಆಮೇಲೆ ಉಕ್ತಲೇಖನ ಬರೆಸಿದರು. ಅದರಲ್ಲಿ ಐದು ತಪ್ಪು ಬಂದವು. ಅಧಿಕಾರಿಣಿ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ, ಅರ್ಜಿಯ ಕೆಳಗೆ ಸಹಿ ಹಾಕಿದರು.

ಗುಮಾಸ್ತನ ಬಾಯಲ್ಲಿ ಮಾತು ನಿಲ್ಲುವುದುಂಟೇ? ಸಂಜೆಯೊಳಗೆ ಚಹಾದಂಗಡಿಯಲ್ಲೆಲ್ಲ ಇದೇ ಸುದ್ದಿ. ಮಾಸ್ತರರು ಮನೆಗೆ ಬಂದು, ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಶಾಲೆ ಶುರುವಾದ ಮೊದಲ ದಿನ, ಸೀರೆಯ ಸೆರಗಿಗೆಲ್ಲ ಸುಣ್ಣದ ಬಳಪದ ಪುಡಿ ಮೆತ್ತಿಕೊಂಡು ಕಾಶೀಬಾಯಿ ಹಿಗ್ಗುತ್ತ ಮನೆಗೆ ಬಂದಳು. ಹಿತ್ತಲಿಗೆ ಹೋದರೆ, ಸೊಸೆಯರು ಕೂರುವ ಮಣೆಯ ಮೇಲೆ ಶೇರವಾನಿ ತೊಟ್ಟ ಜಯತೀರ್ಥ ಮಾಸ್ತರರು ಕೂತಿದ್ದಾರೆ. ತೊಡೆಯ ಮೇಲೆ ಹೊಸ ಪಾಟಿ. ಕಟ್ಟೆಯ ಮೂಲೆಯಲ್ಲಿ, ಗದ್ವಾಲದಿಂದ ಮೊನ್ನೆ ಬಂದ ಹನುಮಮ್ಮ ಎಂಬ ಮದುವಣಗಿತ್ತಿ ಏನು ಮಾಡಬೇಕೋ ತಿಳಿಯದೆ ಮುದುಡಿ ನಿಂತಿದ್ದಾಳೆ.

ಮಾಸ್ತರರು ಜೇಬಿನಿಂದ ಆ ಮಡಿಚಿದ ಕಾಗದ ತೆಗೆದು ಮುಂದಿಟ್ಟರು. "ನಮಗ ಹುಕುಂ ಬಂದು ಮೂರು ತಿಂಗಳಾತು. ಒಂದು ವರ್ಷದಾಗ ಕನ್ನಡ ಇಲ್ಲಾ ತೆಲುಗು ಬರಿಯಾಕ ಕಲೀಬೇಕಂತ. ಪರೀಕ್ಷಾ ಪಾಸಾಗದವ್ರು ಮನಿಗೆ ಹೋಗಬೇಕಂತ." ಅವರ ದನಿ ಇಳಿಯಿತು. "ನೀ ಕಲಸ್ರಿ ಅಂದಾಗ ನನಗ ಬರ್ತಿದ್ರ ಕಲಸ್ತಿದ್ದಿಲ್ಲೇನು, ಕಾಶೀ? ಅಪ್ಪ ನನ್ನ ಸಣ್ಣವಿದ್ದಾಗಿಂದ ಉರ್ದು ಸಾಲಿಗೇ ಹಾಕಿದ."

ಅವಳು ಕಾಗದ ಎತ್ತಿಕೊಂಡು ಮತ್ತೆ ಮಡಿಚಿದಳು.

"ಇವತ್ತು ಕಚೇರಿಗೆ ಹೋಗಿದ್ದೆ. ನಿನ್ನ ಅರ್ಜಿ ತೋರಸ್ರಿ ಅಂದೆ. ನೀ ಬರದದ್ದು ನನ್ನ ಹೆಸರ ಅಂತ ಗುಮಾಸ್ತ ಬೆರಳಿಟ್ಟು ತೋರಿಸಿದ. ಭಾಳ ಹೊತ್ತು ನೋಡಿದೆ. ನನ್ನ ಹೆಸರು, ನನಗ ಓದಾಕ ಬರಲಿಲ್ಲ."

ಕಾಶೀಬಾಯಿಗೆ ಕಣ್ಣು ತುಂಬಿ ಬಂತು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಎದುರು ಕೂತು ಬಳಪ ಅವರ ಕೈಗೆ ಕೊಟ್ಟಳು. ಪಾಟಿಯ ಮೇಲುಗಡೆ ದೊಡ್ಡದಾಗಿ ಅವರ ಹೆಸರು ಬರೆದಳು. "ಹಿಂಗ. ಇದರ ಕೆಳಗ ನೀವು ಬರೀರಿ."

ಮಾಸ್ತರರು ಪಾಟಿಯನ್ನು ಹತ್ತಿರ ಎಳೆದುಕೊಂಡರು. ನಲವತ್ತು ವರ್ಷ ಬಲದಿಂದ ಎಡಕ್ಕೆ ಉರ್ದು ಬರೆದ ಕೈ, ತನ್ನಷ್ಟಕ್ಕೆ ತಾನೇ ಹೋಗಿ ಪಾಟಿಯ ಬಲತುದಿಯಲ್ಲಿ ಕೂತಿತು. ಅಲ್ಲಿ 'ಜ' ತಿದ್ದಿ, ಎಡಕ್ಕೆ ಸರಿಯತೊಡಗಿತು.

ಹನುಮಮ್ಮನ ತುಟಿ ಬಿಗಿಯಿತು, ಗಲ್ಲ ಉಬ್ಬಿತು, ಇನ್ನೇನು ಸ್ಫೋಟವಾಗಬೇಕು. ಕಾಶೀಬಾಯಿಯ ಗಂಟಲಿಗೂ ಬಾವಿಕಟ್ಟೆಯ ದಿನದಿಂದ ಕೂಡಿಟ್ಟ ನಗು ಒಮ್ಮೆಲೇ ಏರಿ ಬಂತು. ಮಾಸ್ತರರು ಕೈ ನಿಲ್ಲಿಸಿ, ಕಿವಿ ಕೆಂಪಗೆ ಮಾಡಿಕೊಂಡು, ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಅವರಿಗೂ ಆ ಬಾವಿಕಟ್ಟೆ ನೆನಪಿತ್ತು.

ಕಾಶೀಬಾಯಿ ತಿರುಗಿ ಹನುಮಮ್ಮನನ್ನು ಒಂದು ಸಲ ನೋಡಿದಳು. ಆ ಹುಡುಗಿ ನಗು ನುಂಗಿಕೊಂಡಳು. ತನ್ನದನ್ನೂ ನುಂಗಿಕೊಂಡು ಕಾಶೀಬಾಯಿ ಗಂಡನ ಮಣಿಕಟ್ಟು ಹಿಡಿದಳು. ಅದನ್ನು ಮೆಲ್ಲಗೆ ಎತ್ತಿ ಪಾಟಿಯ ಎಡತುದಿಗೆ ತಂದು ಇಟ್ಟಳು.

"ಇಲ್ಲಿಂದ ಶುರು ಮಾಡ್ರಿ. ಗಡಿಬಿಡಿ ಇಲ್ಲ."