ಮಾವ ಕಾಯುತ್ತಿದ್ದ ಔಷಧ

ಅಡ್ಯಾರಿನ ಲ್ಯಾಬಿನಿಂದ ಎರಡು ಬಸ್ಸು ಬದಲಿಸಿ, ಬೆವರಿ ತೊಪ್ಪೆಯಾಗಿ ಮೀನುಬಂದರಿನ ಪಕ್ಕದ ರಾಯಪುರದ ಮನೆ ಸೇರಿದರೆ, ಚಪ್ಪಲಿ ಬಿಡುವ ಮೊದಲೇ ಮಾವನವರ ಪ್ರಶ್ನೆ: "ಏನಮ್ಮ, ಎದ್ದಿದೆಯಾ?"

ಎದ್ದಿರಬೇಕಾದದ್ದು ಒಂದು ಜೀನ್. ಆಗಿನ್ನೂ ಎರಡು ಸಾವಿರದ ಇಸವಿ ದಾಟಿದ್ದ ಹೊಸತು. ನಾನು ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಗಳನ್ನು ಬಾಟಲಿಯಲ್ಲಿ ಸಾಕುತ್ತಿದ್ದೆ. ಕೋಶ ಹದ್ದು ಮೀರಿ ಬೆಳೆಯದಂತೆ ತಡೆಯುವ ಜೀನ್ ಅವುಗಳಲ್ಲಿ ಹಾಳಾಗಿರಲಿಲ್ಲ. ಅದರ ಮೇಲೊಂದು ರಾಸಾಯನಿಕ ಗುರುತು ಕೂತು ಬಾಯಿ ಮುಚ್ಚಿಸಿತ್ತು, ಅಷ್ಟೆ. ಆ ಗುರುತನ್ನು ಕಳಚುವ ಔಷಧ ಹಾಕಿದೆ. ನೀರಿನಲ್ಲಿ ಬೇಗ ಕೆಡುವ ಔಷಧ, ದಿನಾ ಹೊಸದಾಗಿ ಕಲಸಬೇಕು. ಜೀನ್ ಮತ್ತೆ ಕೆಲಸ ಶುರುಮಾಡಿತು. ಖುಷಿ ತಡೆಯಲಾರದೆ ಮನೆಯಲ್ಲಿ ಹೇಳಿದೆ: "ಅದು ಸತ್ತಿರಲಿಲ್ಲ ಮಾವ, ನಿದ್ದೆ ಮಾಡ್ತಿತ್ತು. ಎಬ್ಬಿಸಿಬಿಟ್ಟೆ."

ಮಾವನವರಿಗೂ ಅದೇ ಕಾಯಿಲೆ. ಮೂಳೆಗೆ ಇಳಿದಿತ್ತು, ಹಾರ್ಮೋನ್ ಇಂಜೆಕ್ಷನ್ನೂ ಕೈಕೊಟ್ಟಿತ್ತು. ಆ ಸಂಜೆಯಿಂದ ನನ್ನ ಔಷಧ ಅವರದಾಯಿತು. ರೈಲ್ವೆಯ ಹಳೆಯ ಗೆಳೆಯರು ನೋಡಲು ಬಂದರೆ, "ಸೊಸೆ ಮಾಡ್ತಿದ್ದಾಳೆ, ಇನ್ನೇನು ಬಂತು" ಅನ್ನುತ್ತಿದ್ದರು. ಒಂದು ದಿನ ರೇಗಿಯೇ ಬಿಟ್ಟೆ.

"ಅದು ಬಾಟಲಿಯೊಳಗಿನ ಕತೆ ಮಾವ. ಮನುಷ್ಯರಿಗೆ ಕೊಡೋಕೆ ಎಷ್ಟು ವರ್ಷ ಬೇಕೋ. ಸ್ವಲ್ಪ ಹೆಚ್ಚಾದ್ರೂ ವಿಷ ಅದು."

"ನನ್ನೇ ಒಂದು ದೊಡ್ಡ ಬಾಟ್ಲಿ ಅಂದ್ಕೋ" ಎಂದು ನಕ್ಕರು.

"ಪೋದುಂ, ಸಾಕು ರೀ, ಅವಳು ಮೊದ್ಲು ಕಾಫಿ ಕುಡೀಲಿ" ಎಂದರು ಒಳಗಿನಿಂದ ಅತ್ತೆ.

ಔಷಧ ನಿಲ್ಲಿಸಿದ ಮೇಲೂ ಜೀನ್ ಎಚ್ಚರವಾಗಿರುತ್ತದೆಯೇ ಎಂದು ನೋಡಬೇಕಿತ್ತು. ನಿಲ್ಲಿಸಿದೆ. ಕೆಲವೇ ವಾರಗಳಲ್ಲಿ ಆ ಗುರುತು ಮತ್ತೆ ಬಂದು ಕೂತಿತು, ಕೋಶಗಳು ಏನೂ ನಡೆದೇ ಇಲ್ಲವೆಂಬಂತೆ ಬಾಟಲಿಯ ತಳ ತುಂಬಿದವು. ಅವು ಎಂದೋ ಸತ್ತುಹೋದ ಯಾರೋ ಪರದೇಶದವನ ಕೋಶಗಳು. ಅವನ ರೋಗ ಅಡ್ಯಾರಿನಲ್ಲಿ ಕೊಬ್ಬುತ್ತಿತ್ತು, ಮಾವ ರಾಯಪುರದಲ್ಲಿ ಸವೆಯುತ್ತಿದ್ದರು. ಮೈಕ್ರೋಸ್ಕೋಪಿಗೆ ಕಣ್ಣಿಡಲು ನನಗೆ ಹೆದರಿಕೆಯಾಗುತ್ತಿತ್ತು.

ಮನೆಗೆ ಬಂದು ಇದ್ದದ್ದನ್ನೇ ಹೇಳಿದೆ. ಮಾವ, "ಒಂದ್ಸಲ ಎದ್ದಿದ್ದು ಇನ್ನೊಂದ್ಸಲ ಏಳಲ್ವಾ? ನೋಡು" ಅಂದರು. ಆ ತಿಂಗಳು ಅವರು ದಾಟಲಿಲ್ಲ. ಅಷ್ಟರಲ್ಲಿ ನಮ್ಮ ಲ್ಯಾಬಿನ ಗೈಡ್ ಆ ಕೆಲಸ ಅಲ್ಲಿಗೇ ಸಾಕೆಂದು ನನಗೆ ಬೇರೆ ವಿಷಯ ಗೊತ್ತುಮಾಡಿದ್ದರು.

ಹತ್ತನೆಯ ದಿನ ಸಮುದ್ರದ ಬದಿಯಲ್ಲಿ ಕಾಗೆಗೆ ಪಿಂಡ ಇಟ್ಟೆವು. ದೋಣಿಯೊಂದರ ಅಂಚಿನಲ್ಲಿ ಕೂತಿದ್ದ ಕಾಗೆ ಮುಟ್ಟಲಿಲ್ಲ. ರಾಯಪುರದ ಕಾಗೆಗಳಿಗೆ ಮೀನಿಗೇನು ಬರ, ಅನ್ನಕ್ಕೆ ಯಾಕೆ ಬರುತ್ತವೆ ಅಂದುಕೊಂಡೆ. ಹೋದವರಿಗೆ ಏನೋ ಆಸೆ ಉಳಿದಿದೆ, ನಡೆಸಿಕೊಡುತ್ತೇವೆಂದು ಮಾತು ಕೊಡಿ ಎಂದರು ಪುರೋಹಿತರು. ನನ್ನ ಗಂಡ ಕೈಮುಗಿದು, "ಅಮ್ಮನ್ನ ಚೆನ್ನಾಗಿ ನೋಡ್ಕೋತೀನಪ್ಪ" ಅಂದರು. ಕಾಗೆ ದೋಣಿಯ ಅಂಚು ಬಿಟ್ಟು ಅಲುಗಲಿಲ್ಲ. ಬಿಸಿಲೇರಿತು. ಆಗ ಅತ್ತೆ ನನ್ನ ಕಡೆ ತಿರುಗಿದರು.

"ಅವರಿಗೆ ಇನ್ನೇನಿತ್ತಮ್ಮ ಆಸೆ. ನೀನೇ ಹೇಳು."

ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆದರೂ ಅತ್ತೆಯ ಮುಖ ನೋಡಲಾರದೆ ಬಾಯಿ ತೆರೆದೆ.

"ಎಬ್ಬಿಸ್ತೀನಿ ಮಾವ. ಮತ್ತೆ ಮಲಗದ ಹಾಗೆ ಎಬ್ಬಿಸ್ತೀನಿ."

ಹಾಗೆ ಎಬ್ಬಿಸುವುದು ನನಗೆ ಗೊತ್ತಿರಲಿಲ್ಲ, ನನಗೆ ತಿಳಿದವರಾರಿಗೂ ಗೊತ್ತಿರಲಿಲ್ಲ. ಮಾತು ಮುಗಿಯುವಷ್ಟರಲ್ಲಿ ಕಾಗೆ ಇಳಿದು ಬಂತು. ಅತ್ತೆ ಗಳಗಳನೆ ಅತ್ತು ನನ್ನ ಕೈ ಹಿಡಿದುಕೊಂಡರು. ಅದು ಎಲೆಯ ಮೇಲಿನದನ್ನು ನಿಧಾನವಾಗಿ, ಒಂದಗುಳೂ ಬಿಡದೆ ತಿಂದಿತು. ಆ ಕಾಗೆ ಬರಬಾರದಿತ್ತು.